ಮಧ್ಯಾಹ್ನ 10:30

ಅಪ್ಪನಿಗೆ ಕಣ್ಣಿನ ತಪಾಸಣೆ ಇತ್ತು. ಮಸ್ಕಿಯಿಂದ ರಾಯಚೂರಿಗೆ ಹೋಗಬೇಕು. ಆಸ್ಪತ್ರೆಯಿಂದ ಮೊಬೈಲ್‌ಗೆ ಸಂದೇಶ ಕನ್ನಡದಲ್ಲೇ ಬಂದಿತ್ತು: ‘ನಿಮ್ಮ ತಪಾಸಣೆ ಸೋಮವಾರರಂದು ಮಧ್ಯಾಹ್ನ 10:30ಕ್ಕೆ’. ಮಧ್ಯಾಹ್ನ ಎಂದ ಮೇಲೆ ಅದು 12:30 ಇರಬೇಕು, ಅಂಕಿ ತಪ್ಪಾಗಿದೆ ಎಂದುಕೊಂಡು ಅಪ್ಪ ಹತ್ತು ಗಂಟೆಯ ಬಸ್ ಹಿಡಿದರು. ಅವರು ತಲುಪುವಷ್ಟರಲ್ಲಿ ಸರದಿ ಕಳೆದು ವೈದ್ಯರು ಎದ್ದು ಹೋಗಿದ್ದರು. ಅಂಕಿ ಮತ್ತು ಮಾತು ಎರಡರಲ್ಲಿ ಅಪ್ಪ ಮಾತನ್ನು ನಂಬಿದ್ದರು. ಅದು ಅವರ ತಪ್ಪಲ್ಲ.

ಪೋಲೆಂಡ್‌ನ ಕ್ರಾಕೋವ್‌ನಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಹಾಗಾಗಿ ಈ ‘ಮಧ್ಯಾಹ್ನ 10:30’ ಎಲ್ಲಿಂದ ಬಂದಿರಬಹುದೆಂದು ಊಹಿಸಲು ಹೊತ್ತು ಬೇಕಾಗಲಿಲ್ಲ. ದಿನಾಂಕಗಳನ್ನು ಪಠ್ಯವಾಗಿಸುವ, ಬಹಳ ಬಳಕೆಯಲ್ಲಿರುವ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕಟ್ಟು) ಕನ್ನಡ ಕಡತದಲ್ಲಿ ಹೊತ್ತನ್ನು ಭಾಗಿಸುವ ಗೆರೆಗಳು ನಾಲ್ಕೇ: ಗಂಟೆ 4ಕ್ಕಿಂತ ಕಡಿಮೆಯಿದ್ದರೆ ರಾತ್ರಿ, 10ಕ್ಕಿಂತ ಕಡಿಮೆಯಿದ್ದರೆ ಬೆಳಿಗ್ಗೆ, 17ಕ್ಕಿಂತ ಕಡಿಮೆಯಿದ್ದರೆ ಮಧ್ಯಾಹ್ನ, 20ಕ್ಕಿಂತ ಕಡಿಮೆಯಿದ್ದರೆ ಸಂಜೆ, ಮಿಕ್ಕದ್ದು ಮತ್ತೆ ರಾತ್ರಿ. ಹಿಂದಿಯ ಕಡತದಲ್ಲಿಯೂ ಗಡಿಗಳು ಇವೇ. ನಮ್ಮ ಕಡೆ ಹತ್ತೂವರೆಯನ್ನು ಯಾರೂ ಮಧ್ಯಾಹ್ನ ಎನ್ನುವುದಿಲ್ಲ, ಅದು ಮುಂಜಾನೆ, ಅಂದರೆ ಬೆಳಿಗ್ಗೆ. ಮೂರೂವರೆಗೆ ಹೊಲಕ್ಕೆ ನೀರು ಬಿಡಲು ಹೋಗುವವನು ‘ನಸುಕಿನಲ್ಲಿ ಹೋದೆ’ ಎನ್ನುತ್ತಾನೆ, ‘ರಾತ್ರಿ’ ಎನ್ನುವುದಿಲ್ಲ.

‘ಸೋಮವಾರರಂದು’ ಎಂಬುದು ಇನ್ನೊಂದು ಗಾಯ. ‘ನವೆಂಬರ್ 1, 2024ರಂದು’ ಸರಿ, ‘ಸೋಮವಾರದಂದು’ ಸರಿ. ಆದರೆ ಇಂಗ್ಲಿಷಿನ ಅಚ್ಚಿನಲ್ಲಿ ಯೋಚಿಸುವ ಪ್ರೋಗ್ರಾಂ ದಿನವನ್ನು ತುಂಬಲು ಖಾಲಿ ಜಾಗ ಬಿಟ್ಟು, ಅದರ ಮುಂದೆ ‘ರಂದು’ ಎಂದು ಅಂಟಿಸಿರುತ್ತದೆ. ತಿಂಗಳಿನ ಹೆಸರಿನ ಮುಂದೆ ‘ನಲ್ಲಿ’ ಎಂದು ಅಂಟಿಸಿದರೂ ಇದೇ ಪಾಡು. ಜೂನ್‌ನಲ್ಲಿ, ಮಾರ್ಚ್‌ನಲ್ಲಿ, ಅಕ್ಟೋಬರ್‌ನಲ್ಲಿ ಎಲ್ಲವೂ ಚೆನ್ನಾಗಿ ಬರುತ್ತವೆ. ಪರೀಕ್ಷೆ ಮಾಡಿದವರು ತೃಪ್ತರಾಗಿ ಎದ್ದು ಹೋಗುತ್ತಾರೆ. ವರ್ಷ ಹೊರಳಿದಾಗ ‘ಜನವರಿನಲ್ಲಿ’, ‘ಫೆಬ್ರುವರಿನಲ್ಲಿ’ ಎಂದು ಅಚ್ಚಾಗುತ್ತದೆ. ಕನ್ನಡದಲ್ಲಿ ವಿಭಕ್ತಿ ಪದದ ಕೊನೆಯ ಅಕ್ಷರವನ್ನು ನೋಡಿಕೊಂಡು ರೂಪ ತಾಳುತ್ತದೆ. ಅಂಟಿಸುವವನೂ ಅದನ್ನು ನೋಡಲೇಬೇಕು.

ಇಲ್ಲಿ ಪೋಲೆಂಡ್‌ನವರು ತಮ್ಮ ಭಾಷೆಗೆ ಇಷ್ಟನ್ನು ಪಡೆದುಕೊಂಡಿದ್ದಾರೆ. ಪೋಲಿಷ್‌ನಲ್ಲಿ ನವೆಂಬರ್‌ಗೆ ‘ಲಿಸ್ಟೊಪಾದ್’ ಎಂದು ಹೆಸರು, ಎಲೆ ಉದುರುವ ತಿಂಗಳು ಎಂದು ಅರ್ಥ. ಆದರೆ ‘ನವೆಂಬರ್ 1’ ಎನ್ನುವಾಗ ಅದು ‘ಲಿಸ್ಟೊಪಾದಾ’ ಆಗಬೇಕು, ನಮ್ಮ ಷಷ್ಠಿಯ ಹಾಗೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಮೂಲ ಲೈಬ್ರರಿಯಲ್ಲಿ ಬಹುಕಾಲ ತಿಂಗಳಿಗೆ ಒಂದೇ ರೂಪವಿತ್ತು. 2018ರಲ್ಲಿ ಬಂದ ಆವೃತ್ತಿಯಲ್ಲಿ ಎರಡಾದವು: ದಿನದ ಅಂಕಿಯೊಡನೆ ಬರುವ ರೂಪ ಒಂದು, ಒಂಟಿಯಾಗಿ ನಿಲ್ಲುವ ರೂಪ ಮತ್ತೊಂದು. ಪೋಲಿಷ್, ರಷ್ಯನ್, ಉಕ್ರೇನಿಯನ್ ಭಾಷೆಗಳ ವ್ಯಾಕರಣಕ್ಕೆ ಯಂತ್ರವೇ ಬಾಗಿತು. ನಮ್ಮಲ್ಲಿ ಇಷ್ಟು ಮಂದಿ ಪ್ರೋಗ್ರಾಂ ಬರೆಯುವವರಿದ್ದೂ ‘ಸೋಮವಾರರಂದು’ ಇನ್ನೂ ನಮ್ಮ ಅಪ್ಪಂದಿರ ಮೊಬೈಲ್‌ಗೆ ಬರುತ್ತಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಯಂತ್ರ ಯಂತ್ರಕ್ಕೆ ಹೇಳುವ ದಿನಾಂಕದ ಬಗ್ಗೆ ನನಗೆ ತಕರಾರಿಲ್ಲ. ಅದಕ್ಕೆ 1988ರಿಂದ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ: ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಗಂಟೆ, ಕೊನೆಗೆ ಭಾರತದ ಸಮಯ ಎಂದು ಹೇಳುವ ನಮ್ಮ +05:30. ಉಳಿಸಿಡುವುದು ಹಾಗೆಯೇ ಇರಲಿ. 01/11 ಎಂದು ಬರೆದರೆ ಅಮೆರಿಕದವರ ಕಣ್ಣಿಗೆ ನಮ್ಮ ರಾಜ್ಯೋತ್ಸವ ಜನವರಿ 11 ಆಗಿಬಿಡುತ್ತದೆ. ಯಾವ ಲೆಕ್ಕದಲ್ಲಿ ಬರೆದದ್ದು ಎಂದು ಹೇಳದ ದಿನಾಂಕದ ಕಷ್ಟ ರಾಯಚೂರು ಸೀಮೆಯವರಿಗೆ ಹೊಸದೇನಲ್ಲ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಅಜ್ಜನ ಕಾಲದ ಜಮೀನಿನ ಕಾಗದದಲ್ಲಿ 1355 ಎಂದಿದ್ದರೆ ಅದು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. 590 ಕೂಡಿಸಿದಾಗ 1945 ಬರುತ್ತದೆ. ಪಕ್ಕದಲ್ಲಿ ‘ಫಸಲಿ’ ಎಂಬ ಒಂದು ಪದ ಇರುವುದರಿಂದ ಆ ಕಾಗದ ಇಂದಿಗೂ ಅರ್ಥವಾಗುತ್ತದೆ.

ಹೊತ್ತು ಹೇಳುವ ರೀತಿಯಲ್ಲಿ ಭಾಷೆಗಳು ಎಷ್ಟು ಬೇರೆ ಎಂಬುದು ಪೋಲೆಂಡ್‌ಗೆ ಬಂದ ಹೊಸತರಲ್ಲಿ ನನಗೆ ತಿಳಿಯಿತು. ಎರಡೂವರೆ ಗಂಟೆಗೆ ಇಲ್ಲಿನವರು ‘ಮೂರಕ್ಕೆ ಅರ್ಧ’ ಎನ್ನುತ್ತಾರೆ. ಕೇಳಿದಾಗ ನನಗೆ ನೆನಪಾದದ್ದು ನಮ್ಮೂರಿನ ಬಂಡೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನದಲ್ಲಿ ಎರಡೂವರೆ ವರ್ಷಕ್ಕೆ ಇರುವ ಪ್ರಾಕೃತ ಪದದ ಅರ್ಥವೂ ‘ಅರ್ಧ ಮೂರನೆಯದು’ ಎಂದೇ. ನಾವು ಮಾತ್ರ ಎರಡರ ಮೇಲೆ ಅರೆಯನ್ನು ಇಡುತ್ತೇವೆ.

ಈಗ ನನ್ನ ಪ್ರೋಗ್ರಾಂನಲ್ಲಿ ಕನ್ನಡಕ್ಕೆ ಬೇರೆಯೇ ಕಡತ ಇಟ್ಟಿದ್ದೇನೆ. ಹನ್ನೆರಡು ತಿಂಗಳು, ವಾರದ ಏಳು ದಿನ. ಪ್ರತಿಯೊಂದಕ್ಕೂ ‘ಅಂದು’, ‘ಅಲ್ಲಿ’, ‘ಇಂದ’, ‘ವರೆಗೆ’ ಸೇರಿದ ಪೂರ್ಣ ರೂಪವನ್ನು ಕೈಯಿಂದ ಬರೆದಿದ್ದೇನೆ. ನಾಲ್ಕರಿಂದ ಆರರವರೆಗೆ ನಸುಕು, ಹನ್ನೆರಡರವರೆಗೆ ಬೆಳಿಗ್ಗೆ. ಪಟ್ಟಿಯನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ನಸುಕು ಮೂರಕ್ಕೇ ಶುರುವಾಗುತ್ತದೆ ಎಂದು ತಿದ್ದಿದರು. ಸಂಜೆ ನಾಲ್ಕಕ್ಕೋ ಐದಕ್ಕೋ ಎಂಬುದು ಅಮ್ಮ ಮತ್ತು ಅವರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಆ ಒಂದು ಗೆರೆಯನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.