ಎರಡೇ ಇಂಚು ಸ್ನೋ ತಾನೆ, ಅನ್ನಬೇಡಿ

ಮೊನ್ನೆಯಿಂದ ಅಮೆರಿಕದ ದಕ್ಷಿಣ ಭಾಗದಲ್ಲಿರುವ ನಮ್ಮ ಅಟ್ಲಾಂಟಾದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. ಶುಕ್ರವಾರ ಸ್ನೋ ಬೀಳಬಹುದಂತೆ. ಈಚೆಗೆ ಚಿಕಾಗೋದಿಂದ ಇಲ್ಲಿಗೆ ಬಂದವರೊಬ್ಬರು ಬರೆದರು, "ಎರಡು ಇಂಚಿಗೆ ಇಷ್ಟೊಂದು ಗಾಬರಿ ಯಾಕೆ? ಅಲ್ಲಿ ನಾವು ಒಂದಡಿ ಸ್ನೋದಲ್ಲೂ ಆಫೀಸಿಗೆ ಹೋಗ್ತಿದ್ವಿ." ಅವರು ಹೇಳಿದ್ದು ಸುಳ್ಳಲ್ಲ. ಆದರೂ ಅದನ್ನು ಓದಿ ನನಗೆ ಸುಮ್ನೆ ಇರಲು ಆಗಲಿಲ್ಲ. ಗುಂಪಿನಲ್ಲಿ ಇಷ್ಟುದ್ದ ಬರೆದರೆ ಯಾರೂ ಓದುವುದಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

2014ರ ಜನವರಿ 28, ಮಂಗಳವಾರ. ಹಿಂದಿನ ದಿನದ ಮುನ್ಸೂಚನೆಯಲ್ಲಿ ಜಾಸ್ತಿ ಸ್ನೋ ಬೀಳುವುದು ಊರಿನ ದಕ್ಷಿಣಕ್ಕೆ ಎಂದಿತ್ತು. ಬೆಳಗಿನ ಜಾವ ಎಚ್ಚರಿಕೆ ಬದಲಾಯಿತು, ಅಟ್ಲಾಂಟಾ ಕೂಡ ಸೇರಿತು. ಅಷ್ಟರಲ್ಲಿ ನಾವೆಲ್ಲ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿದ್ದೆವು. ಶಾಲೆಗೆ ರಜೆ ಇರಲಿಲ್ಲ. ನನ್ನ ಆಫೀಸೂ ತೆರೆದಿತ್ತು. ಗಂಡ ಕೆಲಸದ ಮೇಲೆ ಡಾಲಸ್‌ನಲ್ಲಿದ್ದರು. ಆರು ವರ್ಷದ ಮಗನನ್ನು ಶಾಲೆಗೆ ಬಿಟ್ಟು, ನಮ್ಮ ಮನೆಯಿರುವ ಆಲ್ಫರೆಟ್ಟಾದಿಂದ ಪೆರಿಮೀಟರ್ ಎಂಬ ಕಡೆಯ ಆಫೀಸಿಗೆ ಹೊರಟೆ. ದಿನಾ ಅರ್ಧ ಗಂಟೆಯ ದಾರಿ ಅದು.

ಮನೆಯಿಂದ ಕೆಲಸ ಮಾಡಬಹುದಿತ್ತು. ಲ್ಯಾಪ್‌ಟಾಪ್ ಇತ್ತು, ಮೀಟಿಂಗ್ ಎಲ್ಲ ಫೋನಿನಲ್ಲೇ. ಆದರೆ ನಾನಾಗ ಎಚ್-1 ವೀಸಾದಲ್ಲಿದ್ದೆ, ಕೆಲಸ ಕೊಟ್ಟ ಕಂಪನಿಯನ್ನೇ ನೆಚ್ಚಿಕೊಂಡ ವೀಸಾ ಅದು. ಕೇಳಿದರೆ ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಎಂಬ ಅಳುಕು. ನಮ್ಮಲ್ಲಿ ಎಷ್ಟೋ ಜನ ಈಗಲೂ ಇದೇ ಅಳುಕಿನಲ್ಲಿ ಕಾರು ತೆಗೆಯುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗೇ.

ಮಧ್ಯಾಹ್ನದ ಹೊತ್ತಿಗೆ ಹಿಮ ಜೋರಾಯಿತು. ಶಾಲೆಗಳು ಬೇಗ ಬಿಡುತ್ತೇವೆಂದವು. ಕಚೇರಿಗಳೂ ಮನೆಗೆ ಹೋಗಿ ಎಂದವು. ಸರ್ಕಾರಿ ನೌಕರರೂ ಹೊರಟರು. ಎಲ್ಲರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಸುತ್ತಮುತ್ತಲಿನ ಊರುಗಳೂ ಸೇರಿದರೆ 50 ಲಕ್ಷಕ್ಕೂ ಹೆಚ್ಚು ಜನರಿರುವ ಜಾಗ ಇದು. ತೇರಿನ ದಿನ ಜಾತ್ರೆ ಜನವೆಲ್ಲ ಒಂದೇ ಬೀದಿಗೆ ನುಗ್ಗಿದ ಹಾಗಾಯಿತು.

ನಾನು ಪಾರ್ಕಿಂಗ್‌ನಿಂದ ಹೊರಬಿದ್ದಾಗ ಗಂಟೆ ಒಂದು. ಜಿಎ-400 ಹೈವೇ ಹತ್ತಲು ಎರಡು ತಾಸು ಬೇಕಾಯಿತು.

ಆವತ್ತು ಬಿದ್ದದ್ದು ಎರಡೂವರೆ ಇಂಚಿನ ಆಸುಪಾಸು. ಚಿಕಾಗೋದಲ್ಲಿ ಅದು ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಸ್ನೋ ಬೀಳುವ ಹೊತ್ತಿಗೆ ಉಪ್ಪಿನ ಲಾರಿಗಳು ಆಗಲೇ ರಸ್ತೆಯಲ್ಲಿರುತ್ತವೆ. ಇಲ್ಲಿ ಆ ಲಾರಿಗಳೂ ನಮ್ಮ ಜೊತೆ ಟ್ರಾಫಿಕ್‌ನಲ್ಲೇ ಸಿಕ್ಕಿಕೊಂಡವು. ರಸ್ತೆಯ ಮೇಲಿನ ಹಿಮ ಸಾವಿರಾರು ಟೈರುಗಳ ಕೆಳಗೆ ಒತ್ತಿ, ಸ್ವಲ್ಪ ಕರಗಿ, ಮತ್ತೆ ಗಟ್ಟಿಯಾಗಿ ಗಾಜಿನ ಹಾಗಾಯಿತು. ಸ್ನೋ ಮೇಲೆ ಹೇಗೋ ಓಡಿಸಬಹುದು. ಐಸ್ ಮೇಲೆ ಮಿಶಿಗನ್‌ನಲ್ಲಿ ಹುಟ್ಟಿ ಬೆಳೆದವರಿಗೂ ಹಿಡಿತ ಸಿಗುವುದಿಲ್ಲ. ಚಳಿ ದೇಶದವರು ಹಾಕುವ ಸ್ನೋ ಟೈರು ಇಲ್ಲಿ ಯಾರ ಕಾರಿಗೂ ಇರಲಿಲ್ಲ. ನಮ್ಮ ಮಾಮೂಲಿ ಟೈರಿನ ರಬ್ಬರ್ ಆ ಚಳಿಗೆ ಗಡುಸಾಗಿ, ಇದ್ದ ಹಿಡಿತವೂ ಹೋಗುತ್ತದೆ. ಮೇಲಾಗಿ ಈ ಊರಿನ ರಸ್ತೆಗಳೆಲ್ಲ ಏರಿಳಿತ.

ಚಾಟಹೂಚಿ ನದಿಯ ಸೇತುವೆ ಹತ್ತಿರ ಎಲ್ಲವೂ ನಿಂತುಹೋಯಿತು. ಸೇತುವೆಗೆ ಮೇಲಿಂದಲೂ ಕೆಳಗಿಂದಲೂ ತಣ್ಣನೆ ಗಾಳಿ ಬಡಿಯುತ್ತದೆ, ಹಾಗಾಗಿ ಅದೇ ಮೊದಲು ಹೆಪ್ಪುಗಟ್ಟುವುದು. ನನ್ನ ಮುಂದೆ ಒಂದು ದೊಡ್ಡ ಎಸ್‌ಯುವಿ ಧೈರ್ಯವಾಗಿ ಪಕ್ಕದ ಲೇನಿಗೆ ನುಗ್ಗಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಆ ವ್ಯವಸ್ಥೆ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬ್ರೇಕ್ ಹಾಕಿದ ಕೂಡಲೇ ಅದು ಮೆಲ್ಲಗೆ, ಅವಸರವೇ ಇಲ್ಲದ ಹಾಗೆ ತಿರುಗುತ್ತಾ ಹೋಗಿ ಪಕ್ಕದ ಗೋಡೆಗೆ ಒರಗಿತು. ಯಾರಿಗೂ ಏಟಾಗಲಿಲ್ಲ. ಆದರೆ ಒಳಗಿದ್ದ ಹೆಂಗಸಿನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಸಕಲೇಶಪುರದ ಕಡೆಯವಳು. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜೀಪು ಹೂತುಕೊಂಡರೆ ಅಪ್ಪ ಆಕ್ಸಿಲರೇಟರ್ ಒತ್ತಲು ಬಿಡುತ್ತಿರಲಿಲ್ಲ. "ಚಕ್ರ ತಿರುಗಿದಷ್ಟೂ ಹೂತ್ಕೊಳ್ಳುತ್ತೆ, ಮೊದಲು ಇಳಿ" ಅನ್ನುತ್ತಿದ್ದರು. ಇಳಿದು ಚಕ್ರದ ಕೆಳಗೆ ಸೊಪ್ಪು, ಕಲ್ಲು ಹಾಕುತ್ತಿದ್ದೆವು. ಆವತ್ತು ನನ್ನ ಕಾರು ಏರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸತೊಡಗಿದಾಗ ಅಪ್ಪನ ಮಾತೇ ನೆನಪಾಯಿತು. ಕಾಲಡಿಯ ಮ್ಯಾಟುಗಳನ್ನು ಎಳೆದು ಮುಂದಿನ ಚಕ್ರಕ್ಕೆ ಒತ್ತಿ ಹಾಕಿದೆ. ಗುರುತಿಲ್ಲದ ಇಬ್ಬರು ಹುಡುಗರು ಬಂದು ಹಿಂದಿನಿಂದ ತಳ್ಳಿದರು. ಕಾರು ಮೇಲೆ ಹತ್ತಿತು. ಆಮೇಲೆ ಅದೇ ಮ್ಯಾಟುಗಳು ಹಿಂದಿನ ನಾಲ್ಕು ಕಾರುಗಳಿಗೂ ಆದವು.

ಸಂಜೆ ಆರಕ್ಕೆ ಶಾಲೆಯಿಂದ ಫೋನ್ ಬಂತು. ಬಸ್ಸುಗಳು ಹೊರಡಲು ಆಗುತ್ತಿಲ್ಲ, ಮಕ್ಕಳು ಇಲ್ಲೇ ಇರುತ್ತಾರೆ ಎಂದರು. ನಾನಿನ್ನೂ ಅರ್ಧ ದಾರಿಯಲ್ಲೂ ಇರಲಿಲ್ಲ. ಸ್ಟೀರಿಂಗ್ ಮೇಲೆ ತಲೆ ಇಟ್ಟು ಅತ್ತೆ. ಆ ರಾತ್ರಿ ಸಾವಿರಾರು ಮಕ್ಕಳು ಶಾಲೆಗಳಲ್ಲೇ ಮಲಗಿದರು. ಕೆಲವರು ಶಾಲಾ ಬಸ್ಸಿನೊಳಗೇ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದರು. ಊರನ್ನು ಸುತ್ತುವ ಐ-285 ಹೈವೇಯಲ್ಲಿ ಟ್ರಾಫಿಕ್ ನಡುವೆಯೇ, ಕಾರಿನಲ್ಲೇ ಒಬ್ಬ ತಾಯಿಗೆ ಹೆರಿಗೆಯಾಯಿತು. ಸ್ಯಾಂಡಿ ಸ್ಪ್ರಿಂಗ್ಸ್‌ನ ಒಬ್ಬ ಪೊಲೀಸ್ ನೆರವಾದರು, ಹೆಣ್ಣು ಮಗು.

ರಾತ್ರಿ ಹತ್ತಕ್ಕೆ ಹೋಲ್ಕಂಬ್ ಬ್ರಿಜ್ ರಸ್ತೆಯ ಎಕ್ಸಿಟ್ ಹತ್ತಿರ ಕಾರನ್ನು ಬದಿಗೆ ಬಿಟ್ಟೆ. ಅಲ್ಲಿಂದ ಮುಂದೆ ಅದು ಹೋಗುತ್ತಿರಲಿಲ್ಲ. ಅಮ್ಮನ ಫೋನ್, ಅಲ್ಲಿ ಬೆಳಗಿನ ಎಂಟೂವರೆ. ಟಿವಿಯಲ್ಲಿ ಏನೂ ಬಂದಿರಲಿಲ್ಲ, ದಿನದ ಹಾಗೆ ಮಾಡಿದ್ದರು. "ಊಟ ಆಯ್ತಾ ಮಗಾ?" ಎಂದರು. ಆಯ್ತು ಎಂದೆ. ಮಾಮೂಲಿ ಆಫೀಸ್ ಬೂಟು ಹಾಕಿಕೊಂಡು ಐಸ್ ಮೇಲೆ ಹೆಜ್ಜೆ ಹೆಜ್ಜೆ ಇಡುತ್ತಾ ಒಂದು ಔಷಧಿ ಅಂಗಡಿ ಸೇರಿದೆ. ಅಂಗಡಿಯವರು ಬಾಗಿಲು ಹಾಕಿರಲಿಲ್ಲ. ಒಳಗೆ ಮೂವತ್ತು ಜನರಾದರೂ ಇದ್ದರು. ಯಾರೋ ಚಾರ್ಜರ್ ಕೊಟ್ಟರು, ಯಾರೋ ಬಿಸಿ ಕಾಫಿ. ಆ ರಾತ್ರಿ ಊರಿನ ತುಂಬ ಹೀಗೆಯೇ. ಹೋಮ್ ಡಿಪೋದಂಥ ದೊಡ್ಡ ಮಳಿಗೆಗಳೂ ಸಿಕ್ಕಿಬಿದ್ದವರಿಗೆ ಬಾಗಿಲು ತೆರೆದವು. ಫೇಸ್‌ಬುಕ್‌ನಲ್ಲಿ ಒಂದು ಗುಂಪು ಹುಟ್ಟಿಕೊಂಡಿತು. ಗುರುತಿಲ್ಲದವರು "ನಮ್ಮ ಮನೆ ಈ ಎಕ್ಸಿಟ್ ಹತ್ತಿರ, ಬಂದು ಮಲಗಿ" ಎಂದು ಅದರಲ್ಲಿ ಬರೆಯುತ್ತಿದ್ದರು.

ಹನ್ನೊಂದಕ್ಕೆ ಮಗನ ಟೀಚರ್ ಫೋನಿನಲ್ಲಿ ಸಿಕ್ಕಿದರು. "ಪಿಜ್ಜಾ ತಿಂದ, ಜಿಮ್‌ನಲ್ಲಿ ಮ್ಯಾಟ್ ಮೇಲೆ ಮಲಗಿದ್ದಾನೆ. ನಾನು ಇಲ್ಲೇ ಇದ್ದೇನೆ" ಎಂದರು. ಅವರ ಮನೆಯಲ್ಲೂ ಇಬ್ಬರು ಮಕ್ಕಳಿದ್ದರು. ಮರುದಿನ ಬೆಳಿಗ್ಗೆ ಗೆಳತಿಯ ಗಂಡ ನಡೆದು ಬಂದು ಅರ್ಧ ದಾರಿಯಲ್ಲಿ ನನಗೆ ಜೊತೆಯಾದರು. ಶಾಲೆ ತಲುಪಿದಾಗ ಹನ್ನೊಂದು ಗಂಟೆ. ಮಗ ಖುಷಿಯಾಗಿದ್ದ. ನಾನು ಆ ಟೀಚರ್ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಆ ಒಂದು ದಿನದಲ್ಲಿ ಸಾವಿರದಷ್ಟು ಅಪಘಾತಗಳಾದವು. ಆಮೇಲೆ ಟಿವಿಯಲ್ಲಿ ಎಲ್ಲರೂ ನಕ್ಕರು. ಅಮೆರಿಕದ ದಕ್ಷಿಣದವರಿಗೆ ಸ್ನೋದಲ್ಲಿ ಓಡಿಸಲು ಬರಲ್ಲ ಎಂದರು. ಇಲ್ಲೇ ನನಗೆ ಬೇಜಾರಾಗುವುದು. ಓಡಿಸಲು ಬರದ್ದರಿಂದ ಆದದ್ದಲ್ಲ ಅದು. ಹೊರಡಬಾರದ ಹೊತ್ತಿಗೆ ಎಲ್ಲರನ್ನೂ ಒಟ್ಟಿಗೆ ಹೊರಡಿಸಿದ್ದರಿಂದ ಆದದ್ದು. ನಮ್ಮ ಜಾರ್ಜಿಯಾ ರಾಜ್ಯದ ಆಗಿನ ಗವರ್ನರ್ ನೇಥನ್ ಡೀಲ್ ಕೂಡ ಕೊನೆಗೆ ಕ್ಷಮೆ ಕೇಳಿದರು. ಎರಡೇ ವಾರಕ್ಕೆ, ಫೆಬ್ರವರಿ 11ರಿಂದ ಮತ್ತೊಂದು ಬಿರುಗಾಳಿ ಬಂತು. ಐಸ್ ಈ ಸಲ ಇನ್ನೂ ಜಾಸ್ತಿ, ಎಷ್ಟೋ ಕಡೆ ಕರೆಂಟ್ ಹೋಯಿತು. ಆದರೆ ಶಾಲೆಗಳಿಗೆ ಮೊದಲೇ ರಜೆ ಕೊಟ್ಟಿದ್ದರು, ಜನ ಮನೆಯಲ್ಲೇ ಉಳಿದರು, ಹೈವೇಗಳು ಖಾಲಿ ಖಾಲಿ. ಅದೇ ಊರು, ಅದೇ ಡ್ರೈವರ್‌ಗಳು, ಅದೇ ಟೈರುಗಳು. ಎರಡು ವಾರದಲ್ಲಿ ಯಾರೂ ಹೊಸದಾಗಿ ಡ್ರೈವಿಂಗ್ ಕಲಿತಿರಲಿಲ್ಲ ಅಲ್ವಾ?

ಅದಕ್ಕೇ ಮ್ಯಾನೇಜರ್ ಆಗಿರುವ ನಮ್ಮವರನ್ನು ಕೇಳಿಕೊಳ್ಳುತ್ತೇನೆ. ಈಗ ನಾನೂ ಒಂದು ಟೀಮ್ ನೋಡಿಕೊಳ್ಳುತ್ತೇನೆ. ಹಿಂದಿನ ಸಂಜೆಯೇ ಮೇಲ್ ಕಳಿಸಿ, ಯಾರೂ ಬರಬೇಡಿ ಅಂತ. "ನಿಮ್ಮ ಅನುಕೂಲ ನೋಡಿ ನಿರ್ಧರಿಸಿ" ಅಂತ ಬರೆಯಬೇಡಿ. ವೀಸಾ ಭಯದಲ್ಲಿರುವ ಹುಡುಗಿ ಆ ಸಾಲನ್ನು "ಬಾ" ಅಂತಲೇ ಓದುತ್ತಾಳೆ. ನಾನು ಓದಿದ್ದೆ.

ಹೊರಗೆ ಹೋಗಲೇಬೇಕಾದವರು, ನರ್ಸ್‌ಗಳು, ಡಾಕ್ಟರ್‌ಗಳು, ಸಾಧ್ಯವಾದರೆ ಸ್ನೋ ಶುರುವಾಗುವ ಮೊದಲೇ ತಲುಪಿಬಿಡಿ. ಟ್ಯಾಂಕ್ ತುಂಬಿಸಿಕೊಳ್ಳಿ. ಕಂಬಳಿ, ನೀರು, ಚಾರ್ಜರ್, ಗಟ್ಟಿ ಬೂಟು ಕಾರಿನಲ್ಲಿರಲಿ. ಕಾರು ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಹೋಗಬೇಕಾದ ಕಡೆ ಕಣ್ಣಿಟ್ಟು ಸ್ಟೀರಿಂಗ್ ಮೆಲ್ಲಗೆ ತಿರುಗಿಸಿ. ಕಪ್ಪಾಗಿ ಒದ್ದೆಯಾದ ಹಾಗೆ ಕಾಣುವ ರಸ್ತೆಯನ್ನು ನಂಬಬೇಡಿ, ನೀರಿನಂತೆ ಕಾಣುವುದು ಐಸ್ ಇರಬಹುದು.

ಮಗನಿಗೆ ಈಗ ಲೈಸೆನ್ಸ್ ಬಂದಿದೆ. ಶುಕ್ರವಾರ ಸಂಜೆ ಗೆಳೆಯನ ಮನೆಗೆ ಹೋಗಬೇಕಂತೆ. ಬೇಡ ಎಂದಿದ್ದೇನೆ. ಮುಖ ಊದಿಸಿಕೊಂಡಿದ್ದಾನೆ, ಇರಲಿ.

ನಮ್ಮ ಮನೆ ಓಲ್ಡ್ ಮಿಲ್ಟನ್ ಎಕ್ಸಿಟ್‌ನಿಂದ ನಡೆದು ಬರುವಷ್ಟು ಹತ್ತಿರ. ಶುಕ್ರವಾರ ಆ ಕಡೆ ಯಾರಾದರೂ ಸಿಕ್ಕಿಕೊಂಡರೆ ಮೆಸೇಜ್ ಹಾಕಿ, ವಿಳಾಸ ಕಳಿಸುತ್ತೇನೆ. ಕಾರು ಬಿಟ್ಟು ನಡೆದು ಬನ್ನಿ. ಅನ್ನ, ಸಾರು ಮಾಡಿಟ್ಟಿರುತ್ತೇನೆ.