ಮೊಳೆ ಹೊಡೀಬಾರದು, ಗೂಡು ಕೊರೀಬಹುದು

ಬೆಂಗಳೂರಿನಲ್ಲಿ ಈಗ ಗೋಡೆಯೊಳಗೆ ಗೂಡಿಲ್ಲದ ಹಾಲ್, ಹಾಲೇ ಅಲ್ಲ. ಟಿವಿ ಪಕ್ಕ ನಾಲ್ಕಡಿ ಅಗಲಕ್ಕೆ ಗೋಡೆ ಕೊರೆದಿರಬೇಕು. ಒಳಗೆ ಹಳದಿ ಎಲ್‌ಇಡಿ ಪಟ್ಟಿ, ಫೈಬರ್ ಬುದ್ಧ, ಪ್ಲಾಸ್ಟಿಕ್ ಮನಿಪ್ಲಾಂಟ್, ಯಾರೂ ಓದದ ಎರಡು ದಪ್ಪ ಪುಸ್ತಕ. ಅಜ್ಜಿ ಮನೆಯಲ್ಲೂ ಗೂಡಿತ್ತಲ್ವಾ ಅಂತೀರಿ. ಇತ್ತು. ಆದರೆ ಆ ಮಣ್ಣಿನ ಗೋಡೆ ಎರಡಡಿ ದಪ್ಪ, ಗೂಡು ಬಿಟ್ಟಿದ್ದು ಕಟ್ಟುವಾಗಲೇ, ಅದರಲ್ಲಿ ಕೂರುತ್ತಿದ್ದದ್ದು ಒಂದು ಬುಡ್ಡಿದೀಪ.

ನಿಮ್ಮದು ಪಿಲ್ಲರ್ ಇಲ್ಲದ ಹಳೇ ಮನೆ. ಮೇಲಿನದ್ದೆಲ್ಲ ಕೂತಿರುವುದೇ ಈ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಮೇಲೆ. ಪ್ಲಾನ್ ಪಾಸಾಗಿದ್ದು ಒಂದು ಮಹಡಿಗೆ, ಬಾಡಿಗೆ ಆಸೆಗೆ ಎದ್ದಿದ್ದು ಎರಡು, ತುದಿಯಲ್ಲಿ ಸಾವಿರ ಲೀಟರ್ ಟ್ಯಾಂಕ್. ತುಂಬಿದ ಟ್ಯಾಂಕ್ ಅಂದರೆ ನೀರೇ ಒಂದು ಟನ್.

ಕೊರೆಯುವ ಮುಂಚೆ ಯಾರನ್ನೂ ಕೇಳಲಿಲ್ಲ ಅನ್ನುವಂತಿಲ್ಲ. ವಾಸ್ತುವಿನವರು ದಿಕ್ಕಿಗೆ ಒಪ್ಪಿದ್ದಾರೆ. ಡಿಸೈನರ್ ತ್ರೀಡಿ ಚಿತ್ರ ತೋರಿಸಿದ್ದಾರೆ, ಅದರಲ್ಲಿ ಮೇಲಿನ ಮಹಡಿಯೇ ಇಲ್ಲ. ಮೇಸ್ತ್ರಿ ಗೋಡೆಗೆ ಎರಡು ಸಲ ಗುದ್ದಿ "ಗಟ್ಟಿ ಐತೆ ಸಾರ್, ಏನೂ ಆಗಲ್ಲ" ಅಂದಿದ್ದಾನೆ. ಇನ್ನು ಇಂಜಿನಿಯರ್? "ಅವರು ಫೀಸು ತಗೊಂಡು ಬೇಡ ಅಂತಾರೆ. ಬೇಡ ಅನ್ನಿಸ್ಕೊಳ್ಳೋಕೆ ದುಡ್ಡು ಕೊಡಬೇಕಾ?"

ಇಟ್ಟಿಗೆ ಗೋಡೆಗೆ ಐಎಸ್ 1905 ಅಂತ ಒಂದು ಸರ್ಕಾರಿ ಮಾನದಂಡ ಇದೆ. ಭಾರ ಹೊತ್ತ ಗೋಡೆಯಲ್ಲಿ ಪೈಪು, ವೈರಿಗೆ ಕಾಲುವೆ ಹೊಡೆಯುವುದಕ್ಕೇ ಅದು ಲೆಕ್ಕ ಹಾಕುತ್ತದೆ. ನೇರಕ್ಕಾದರೆ ದಪ್ಪದ ಮೂರನೇ ಒಂದು ಭಾಗ, ಅಡ್ಡಕ್ಕಾದರೆ ಆರನೇ ಒಂದು ಭಾಗ ಮೀರಬಾರದು. ಅಂದರೆ ಒಂಬತ್ತಿಂಚಿಗೆ ಅಡ್ಡಡ್ಡ ಒಂದೂವರೆ ಇಂಚು. ನಾವು ಬುದ್ಧನಿಗೆ ಅರ್ಧ ಗೋಡೆಯನ್ನೇ ಬರೆದುಕೊಟ್ಟಿದ್ದೇವೆ. ಕೊರೆಯುವ ಮೊದಲು ಸ್ಲ್ಯಾಬಿಗೆ ಜಾಕ್, ಅಂದರೆ ತಾತ್ಕಾಲಿಕ ಊರುಗೋಲು ಕೊಡಬೇಕು, ಗೂಡಿನ ತಲೆಗೆ ಮೇಲಿನ ಭಾರ ಹೊರುವ ಅಡ್ಡತೊಲೆ, ಲಿಂಟಲ್, ಕೂರಿಸಬೇಕು ಅಂದರೆ ಬಜೆಟ್ ಇಲ್ಲ. ಇಟಲಿ ಟೈಲ್ಸಿಗೆ ಇದೆ. ಅಡುಗೆಮನೆ ಪಕ್ಕದ, ಭಾರ ಹೊರದ ನಾಲ್ಕೂವರೆ ಇಂಚಿನ ಅಡ್ಡಗೋಡೆಗೆ ಒಂದು ಮರದ ಹಲಗೆ ತಗುಲಿಸಿ ಅಂದರೆ ಅದು ಲುಕ್ ಕೊಡಲ್ಲ.

ಗೂಡಿನ ಮೇಲಿನ ಮೂಲೆಯಿಂದ ಕೂದಲೆಳೆಯಷ್ಟು ಬಿರುಕು ಓರೆಯಾಗಿ ಹೊರಡುತ್ತದೆ. ಪೇಂಟರ್ ಪುಟ್ಟಿ ತುಂಬುತ್ತಾನೆ. ಮಳೆಗಾಲದ ಹೊತ್ತಿಗೆ ಅದು ಪುಟ್ಟಿಯನ್ನೂ ಸೀಳಿಕೊಂಡು ಇಣುಕುತ್ತದೆ. ಆಗ ಟೆಕ್ಸ್ಚರ್ ಪೇಂಟ್. ಕಾಯಿಲೆಯೇ ಡಿಸೈನ್ ಆಗಿಬಿಡುತ್ತದೆ!

2019ರಲ್ಲಿ ಧಾರವಾಡದಲ್ಲಿ, 2024ರಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡಗಳೇ ಕುಸಿದು ಜನ ಸತ್ತರು. ಅವು ಗೂಡಿನ ಕಥೆಯಲ್ಲ ಬಿಡಿ. ಆದರೆ ಆ ವಾರ ಊರೆಲ್ಲ ಸಿಮೆಂಟು, ಕಂಬಿಯದೇ ಮಾತು, ಅಧಿಕಾರಿಗಳಿಂದ ನೋಟಿಸು, ಸರ್ವೆ. ಮುಂದಿನ ವಾರ ಮತ್ತೆ ಪಕ್ಕದ ಮನೆಯಲ್ಲಿ ಡ್ರಿಲ್ ಸದ್ದು.

ಇದೇ ಮಾಲೀಕರ ಬಾಡಿಗೆ ಕರಾರು ಓದಿ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಕ್ಯಾಲೆಂಡರಿಗೂ ಇಲ್ಲ. ಕೆಳಗಿನ ಬಿರುಕು ಸ್ಲ್ಯಾಬ್ ದಾಟಿ ಮೇಲಿನ ಮನೆಯ ಬೆಡ್‌ರೂಮಿಗೆ ಬಂದಾಗ ಮೊದಲ ಪ್ರಶ್ನೆ ಬಾಡಿಗೆದಾರರಿಗೇ: "ಏನ್ರೀ, ರಾತ್ರಿಯೆಲ್ಲ ಏನು ಕುಟ್ತೀರಿ?" ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಕಟ್. ಬಿರುಕಿಗೆ ಬೇರೆ.