ಹೋದದ್ದು ಒಂದು ಕಾಯಿಲ್, ನಾಲ್ಕನ್ನೂ ಯಾಕೆ ಬದಲಾಯಿಸಬೇಕು?

ಕಾರು ಐಡ್ಲಿಂಗ್‌ನಲ್ಲಿ ನಡುಗುತ್ತಿದೆ, ಏರಿನಲ್ಲಿ ಪಿಕಪ್ ಸಿಗ್ತಿಲ್ಲ, ಚೆಕ್ ಇಂಜಿನ್ ಲೈಟ್ ಬಂದಿದೆ ಅಂತ ಬಾಯಿ ಬಿಟ್ಟರೆ ಸಾಕು, ಬಾನೆಟ್ ತೆರೆಯುವ ಮೊದಲೇ ಮೆಕ್ಯಾನಿಕ್‌ನ ತೀರ್ಪು ಬಂದಿರುತ್ತದೆ: "ಇಗ್ನಿಷನ್ ಕಾಯಿಲ್ ಹೋಗಿದೆ. ಒಂದು ಹೋದ ಮೇಲೆ ಉಳಿದವೂ ಹೋಗುತ್ತವೆ, ನಾಲ್ಕನ್ನೂ ಒಟ್ಟಿಗೆ ಹಾಕಿಸಿಬಿಡಿ." ಈ ಮಾತಿಗೆ ನನ್ನ ತಕರಾರಿದೆ. ಕಾಯಿಲ್, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟು ಕೊಡುವ ಭಾಗ, ಹೋಗಿರಬಹುದು, ಹೋಗದೆಯೂ ಇರಬಹುದು. ನೋಡಿದವರು ಯಾರು? ಇನ್ನು ನಾಲ್ಕನ್ನೂ ಒಟ್ಟಿಗೆ ಹಾಕಿಸುವುದಂತೂ ಸಣ್ಣ ಕಾರಿನ ಮಟ್ಟಿಗೆ ಬರೀ ದಂಡ.

ಈಗಿನ ಬಹುತೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಒಂದೊಂದು ಸ್ಪಾರ್ಕ್ ಪ್ಲಗ್‌ನ ತಲೆಯ ಮೇಲೆ ಒಂದೊಂದು ಕಾಯಿಲ್ ನೇರವಾಗಿ ಕೂತಿರುತ್ತದೆ. ಒಂದು ಬೋಲ್ಟ್, ಒಂದು ಕನೆಕ್ಟರ್, ಅಷ್ಟೇ. ಸಾಮಾನ್ಯವಾಗಿ ಹತ್ತು ಎಂಎಂನ ಸಾಕೆಟ್ ಇದ್ದರೆ ಸಾಕು. ಬಿಚ್ಚುವುದು ಇಷ್ಟು ಸುಲಭ ಇರುವಾಗ "ಮತ್ತೆ ಮತ್ತೆ ಯಾರು ಬಿಚ್ಚುತ್ತಾರೆ" ಎಂಬ ವಾದ ನಿಲ್ಲುವುದಿಲ್ಲ. ಎರಡು ಸಾಲಿನಲ್ಲಿ ಆರು ಸಿಲಿಂಡರ್ ಇರುವ ಕೆಲವು ದೊಡ್ಡ ವಿ6 ಇಂಜಿನ್‌ಗಳಲ್ಲಿ ಹಿಂದಿನ ಸಾಲಿನ ಕಾಯಿಲ್ ಮುಟ್ಟಬೇಕಾದರೆ ಇಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಎತ್ತಬೇಕು. ಅಲ್ಲಿ ಒಮ್ಮೆಲೇ ಎಲ್ಲವನ್ನೂ ಹಾಕಿಬಿಡುವುದು ಜಾಣತನ. ಕೆಲವು ಕಾರುಗಳಲ್ಲಿ ಎಲ್ಲ ಕಾಯಿಲ್‌ಗಳೂ ಒಂದೇ ಪಟ್ಟಿಯಲ್ಲಿ ಸೇರಿಕೊಂಡಿರುತ್ತವೆ, ಅಲ್ಲಿ ಬೇರೆ ದಾರಿಯೇ ಇಲ್ಲ. ಉಳಿದವರಿಗೆ ಇದೆ.

ಕಾಯಿಲ್ ಯಾಕೆ ಸಾಯುತ್ತದೆ ಎನ್ನುವುದನ್ನು ಸ್ವಲ್ಪ ನೋಡೋಣ, ಯಾಕೆಂದರೆ ನನ್ನ ತಕರಾರಿನ ಬೇರು ಅಲ್ಲೇ ಇರುವುದು. ಕಾಯಿಲ್ ಅಂದರೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಒಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲಿನಷ್ಟು ತೆಳು ತಂತಿಯ ಸಾವಿರಾರು ಸುತ್ತು. ಬ್ಯಾಟರಿಯ 12 ವೋಲ್ಟ್ ಕರೆಂಟು ದಪ್ಪ ತಂತಿಯಲ್ಲಿ ಹರಿಯುತ್ತಿರುವಾಗ ಅದನ್ನು ಥಟ್ಟನೆ ಕಡಿದರೆ ತೆಳು ತಂತಿಯಲ್ಲಿ ಇಪ್ಪತ್ತು ಮೂವತ್ತು ಸಾವಿರ ವೋಲ್ಟ್ ಚಿಮ್ಮುತ್ತದೆ. 1910ರ ಹೊತ್ತಿಗೆ ಚಾರ್ಲ್ಸ್ ಕೆಟರಿಂಗ್ ಕಾರುಗಳಿಗೆ ತಂದ ತತ್ವವೇ ಇಂದಿಗೂ ನಡೆಯುತ್ತಿದೆ. ಕಡಿಯುವ ಕೆಲಸವನ್ನು ಆಗ ಪಾಯಿಂಟ್‌ಗಳು (ತೆರೆದು ಮುಚ್ಚುವ ಲೋಹದ ಸ್ವಿಚ್) ಮಾಡುತ್ತಿದ್ದವು, ಈಗ ಟ್ರಾನ್ಸಿಸ್ಟರ್ ಮಾಡುತ್ತದೆ.

ಇಂಜಿನ್ 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಒಂದು ಕಾಯಿಲ್ ಎರಡು ಸುತ್ತಿಗೊಮ್ಮೆಯಂತೆ ಸೆಕೆಂಡಿಗೆ 25 ಸಲ ಕಿಡಿ ಕೊಡುತ್ತದೆ. ಕಿಡಿಯನ್ನು ಸಿಲಿಂಡರ್‌ಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದ ಕಾಲದ ಒಂಟಿ ಕಾಯಿಲ್ ನಾಲ್ಕು ಸಿಲಿಂಡರ್‌ಗೂ ಸೇರಿ ನೂರು ಸಲ ಕೊಡುತ್ತಿತ್ತು. ಲೆಕ್ಕದ ಪ್ರಕಾರ ಈಗಿನದಕ್ಕೆ ಕೆಲಸ ಕಡಿಮೆ. ಆದರೆ ಹಳೆಯದು ಇಂಜಿನ್‌ನಿಂದ ದೂರ ಗಾಳಿಯಲ್ಲಿ ಇರುತ್ತಿತ್ತು, ಈಗಿನದು ಕಾದ ಸಿಲಿಂಡರ್ ಹೆಡ್ಡಿನ ಮೇಲೇ ಕೂತು ಬೇಯುತ್ತದೆ. ಅದರ ಮೇಲೆ ಪ್ಲಗ್ ಬೇರೆ ಹಳೆಯದಾಗಿರುತ್ತದೆ. ಪ್ಲಗ್ ತುದಿ ಸವೆದು ಕಿಡಿ ಹಾರುವ ಗ್ಯಾಪ್ ದೊಡ್ಡದಾದಷ್ಟೂ ಅದನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ಅದನ್ನೂ ಒದಗಿಸಲು ಹೆಣಗುತ್ತದೆ, ಕೊನೆಗೊಂದು ದಿನ ಅದರ ಇನ್ಸುಲೇಶನ್ ಎಲ್ಲಿ ಬಡವಾಗಿದೆಯೋ ಅಲ್ಲಿ ಕರೆಂಟು ದಾರಿ ಮಾಡಿಕೊಳ್ಳುತ್ತದೆ. ಎಷ್ಟೋ ಸಲ ಕಾಯಿಲನ್ನು ಕೊಂದದ್ದು ಪ್ಲಗ್. ಕೊಂದದ್ದನ್ನು ಒಳಗೇ ಬಿಟ್ಟು ಹೊಸ ಕಾಯಿಲ್ ಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಾಲ್ಕನ್ನೂ ಬದಲಾಯಿಸಲೇಬೇಕು ಅನ್ನೋ ಹಟ ಇದ್ದರೆ ಪ್ಲಗ್‌ಗಳನ್ನು ಬದಲಾಯಿಸಿ ಸ್ವಾಮಿ, ಕಾಯಿಲ್‌ಗಳನ್ನಲ್ಲ.

ಹಾಗಾದರೆ ಹೋದದ್ದು ಕಾಯಿಲ್ಲೇ ಅಂತ ಗೊತ್ತಾಗುವುದು ಹೇಗೆ? ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ತೋರಿಸುವ ಒಂದು ಓಬಿಡಿ ಸ್ಕ್ಯಾನರ್ ಚುಚ್ಚಿ ಕೋಡ್ ಓದಿ. ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಪಿ0302 ಬಂದರೆ ಎರಡನೆಯದು. ಈ ಕೋಡ್ ಕಾಯಿಲ್ ಹೋಗಿದೆ ಎಂದು ಹೇಳುತ್ತಿಲ್ಲ, ಅಲ್ಲಿ ಉರಿ ಸರಿಯಾಗಿ ಆಗುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದರ ಕಾಯಿಲ್ ಎರಡಕ್ಕೆ, ಎರಡರದ್ದು ಒಂದಕ್ಕೆ ಹಾಕಿ, ಕೋಡ್ ಅಳಿಸಿ ಒಂದು ಸುತ್ತು ಓಡಿಸಿ. ಈಗ ಪಿ0302 ಬಂತೋ, ತೊಂದರೆ ಕಾಯಿಲ್ ಜೊತೆಗೇ ಹೋಯಿತು, ಕಳ್ಳ ಸಿಕ್ಕಿದ. ಮತ್ತೆ ಪಿ0301 ಬಂತೋ, ಕಾಯಿಲ್ ನಿರಪರಾಧಿ. ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ವೈರಿಂಗ್, ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಕಡೆ ನೋಡಬೇಕು. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ಜನ ನೇರವಾಗಿ ಅಂಗಡಿಗೆ ಓಡುವುದೇ ನನಗೆ ಅರ್ಥವಾಗದ ವಿಷಯ. ಒಂದು ಎಚ್ಚರ: ಯಾವುದು ಒಂದನೇ ಸಿಲಿಂಡರ್ ಎಂದು ಮ್ಯಾನುಯಲ್ ನೋಡಿಕೊಳ್ಳಿ. ಹೆಚ್ಚಿನವರು ಬೆಲ್ಟ್ ಕಡೆಯಿಂದ ಎಣಿಸಿದರೆ ಕೆಲವರು ಗೇರ್‌ಬಾಕ್ಸ್ ಕಡೆಯಿಂದ ಎಣಿಸುತ್ತಾರೆ.

ಮಲ್ಟಿಮೀಟರ್ ಹಿಡಿದು ಓಮ್ಸ್ (ತಂತಿಯ ರೋಧ) ನೋಡುವವರೂ ಇದ್ದಾರೆ. ತಂತಿ ಪೂರ್ತಿ ಕಡಿದಿದ್ದರೆ ಗೊತ್ತಾಗುತ್ತದೆ. ಆದರೆ ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ತಣ್ಣಗಿರುವಾಗ ಮೀಟರಿಗೆ ಒಳ್ಳೆಯ ಹುಡುಗನ ಹಾಗೇ ಕಾಣುತ್ತದೆ.

ಇಂಜಿನ್ ಓಡುತ್ತಿರುವಾಗಲೇ ಕಾಯಿಲನ್ನು ಪ್ಲಗ್‌ನಿಂದ ಎತ್ತಿ ನೋಡುವ ಹಳೇ ಚಾಳಿ ಬೇಡವೇ ಬೇಡ. ಶಾಕ್ ಬಲವಾಗಿಯೇ ಹೊಡೆಯುತ್ತದೆ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕೂಡ ಕೆಡಬಹುದು.

ಬಿಚ್ಚುವಾಗ ನೋಡಬೇಕಾದ್ದು ತುಂಬಾ ಇದೆ. ಮನೆಯಲ್ಲಿ ಮಾಡುವ ಲಾಭ ಇದೇ: ಹಿಂದೆ ಸಾಲಿನಲ್ಲಿ ಇನ್ನೊಂದು ಗಾಡಿ ಕಾಯುತ್ತಿರುವುದಿಲ್ಲ. ಕಾಯಿಲ್ ಬರುವುದಿಲ್ಲ ಅಂತ ಜಗ್ಗಬೇಡಿ. ಕಾಲಾಂತರದಲ್ಲಿ ಕಾಯಿಲ್‌ನ ಕೆಳತುದಿಯ ರಬ್ಬರ್ ಕೊಳವೆ, ಅಂದರೆ ಬೂಟ್, ಪ್ಲಗ್‌ಗೆ ಅಂಟಿಕೊಂಡಿರುತ್ತದೆ, ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಬಿಡಿಸಿಕೊಂಡು ಆಮೇಲೆ ಎತ್ತಿ. ಕನೆಕ್ಟರಿನ ಪ್ಲಾಸ್ಟಿಕ್ ಲಾಕ್ ಬಿಸಿಗೆ ಒಣಗಿ ಹಪ್ಪಳವಾಗಿರುತ್ತದೆ, ಅಲ್ಲಿ ಬೆರಳ ತುದಿಯೇ ಸಾಕು. ಹೊರಬಂದ ಬೂಟ್ ಎಣ್ಣೆಯಲ್ಲಿ ಅದ್ದಿದಂತಿದ್ದರೆ ಇಂಜಿನ್‌ನ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರಿನ) ಸೀಲ್ ಸೋರುತ್ತಿದೆ ಎಂದರ್ಥ. ಎಣ್ಣೆಗೆ ರಬ್ಬರ್ ಮೆತ್ತಗಾಗಿ ಊದುತ್ತದೆ. ಸೀಲ್ ಸರಿಮಾಡದೆ ಎಷ್ಟು ಕಾಯಿಲ್ ಹಾಕಿದರೂ ಅದೇ ಗತಿ.

ಪ್ಲಗ್ ತೆಗೆದು ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿಯಿರಿ. ಮೇಲಿನಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಒಳಗೆ ಹಾರದೆ ಹೊರಗಿನಿಂದಲೇ ಹರಿದುಹೋಗುತ್ತಿತ್ತು ಎಂದು ತಿಳಿಯಿರಿ. ಬೂಟ್ ಒಳಗೂ ಅದರ ಜೋಡಿ ಗೆರೆ ಇರುತ್ತದೆ. ಆಗ ಪ್ಲಗ್, ಬೂಟ್ ಎರಡನ್ನೂ ಬದಲಾಯಿಸಿ, ಒಂದನ್ನೇ ಬದಲಾಯಿಸಿದರೆ ಹಳೆಯ ಗೆರೆ ಹೊಸದಕ್ಕೂ ದಾರಿ ತೋರಿಸುತ್ತದೆ. ಆದರೆ ಪಿಂಗಾಣಿಗೆ ಲೋಹ ಸೇರುವಲ್ಲಿ ಸುತ್ತಲೂ ಕಂದು ಬಣ್ಣದ ಕಲೆ ಮಾತ್ರ ಇದ್ದರೆ ಗಾಬರಿ ಬೇಡ, ಅದು ಹೈ ವೋಲ್ಟೇಜ್ ಗಾಳಿಯಲ್ಲಿನ ಎಣ್ಣೆಯ ಕಣಗಳನ್ನು ಎಳೆದು ಮೆತ್ತಿದ ಕಲೆ. ಇದನ್ನೇ ತೋರಿಸಿ "ಪ್ಲಗ್ ಲೀಕ್" ಎನ್ನುವವರಿದ್ದಾರೆ.

ಪ್ಲಗ್ ತೆಗೆಯುವ ಮೊದಲು ಅದು ಕೂತಿರುವ ಗುಂಡಿಯೊಳಗಿನ ಧೂಳನ್ನು ಗಾಳಿಯಲ್ಲಿ ಊದಿ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೆ. ಹಾಕುವಾಗ ಕೈಯಿಂದಲೇ ತಿರುಗಿಸಿ ಕೂರಿಸಿ. ಗುಂಡಿ ಆಳವಿದ್ದರೆ ಪ್ಲಗ್‌ನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿಕೊಳ್ಳಿ, ಥ್ರೆಡ್ ಓರೆಯಾಗಿ ಕೂತರೆ ಪೈಪು ಜಾರುತ್ತದೆ. ಹೆಡ್ ಅಲ್ಯೂಮಿನಿಯಂ, ಥ್ರೆಡ್ ಹೋದರೆ ಕಾಯಿಲ್ ಖರ್ಚು ಏನೂ ಅಲ್ಲ ಅನಿಸುತ್ತದೆ. ಟಾರ್ಕ್ (ಬಿಗಿ ಮಾಡುವ ಬಲ) ಎಷ್ಟು ಎಂಬುದು ಮ್ಯಾನುಯಲ್‌ನಲ್ಲಿದೆ, ತೋಳಿನ ಬಲದಲ್ಲಿ ಇಲ್ಲ. ಕಾಯಿಲ್ ಬೋಲ್ಟ್ ಅಂತೂ ಇನ್ನೂ ಸೂಕ್ಷ್ಮ.

ಇಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಮಿನುಗುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹಾಗೇ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ, ಒಳಗಿನ ಜೇನುಗೂಡು ಕರಗುವಷ್ಟು ಬಿಸಿಯಾಗುತ್ತದೆ. ಕನ್ವರ್ಟರ್ ಮುಂದೆ ನಾಲ್ಕು ಕಾಯಿಲ್‌ನ ಖರ್ಚೂ ಚಿಲ್ಲರೆ.

"ಉಳಿದ ಮೂರು ಇವತ್ತಲ್ಲ ನಾಳೆ ಹೋಗುತ್ತವಲ್ಲ?" ಅಂತ ಕೇಳುವಿರಿ. ಹೋಗಲಿ, ಹೋದಾಗ ಅದನ್ನು ಹಾಕೋಣ. ಅಷ್ಟೊಂದು ಭಯವಿದ್ದರೆ ಒಳ್ಳೆಯ ಕಂಪನಿಯ ಒಂದು ಕಾಯಿಲ್ ಹೆಚ್ಚಿಗೆ ತಂದು, ಹತ್ತರ ಸಾಕೆಟ್ ಜೊತೆ ಡಿಕ್ಕಿಯಲ್ಲಿಡಿ. ಈಗಾಗಲೇ ನಾಲ್ಕನ್ನೂ ಹಾಕಿಸಿಕೊಂಡವರು ಹಳೆಯದರಲ್ಲಿ ಚೆನ್ನಾಗಿರುವ ಮೂರನ್ನು ಕೇಳಿ ವಾಪಸ್ ಪಡೆಯಿರಿ, ಅವು ನಿಮ್ಮವೇ.